ಇಬ್ಬರ ಪಾಲಿನ ನೀರು

"ಒಂದ್ ಮುನ್ನೂರು ಖಡಕ್ ರೊಟ್ಟಿ ಬೇಕಾಗಿದ್ವು," ಎಂದಿತು ಬಾಗಿಲಿನಿಂದ ಒಂದು ಗಂಡು ದನಿ.

"ಮದುವಿ ಯಾವಾಗ್ರಿ?" ದೇವಕಮ್ಮ ತಲೆ ಎತ್ತಲಿಲ್ಲ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಹೊತ್ತು ಅದು. ಸ್ವಲ್ಪ ತಡವಾದರೂ ರೊಟ್ಟಿ ಬಿರಿಯುತ್ತದೆ.

"ಮದುವಿ ಅಲ್ರಿ. ಸಮುದ್ರಕ್ಕ."

ಈಗ ಎತ್ತಿದಳು. ಬಿಸಿಲಿಗೆ ಸುಟ್ಟ ಮುಖ, ಅಗಲವಾದ ಭುಜ, ಕಣ್ಣಿನ ಸುತ್ತ ಮಾತ್ರ ಕನ್ನಡಕದ ಆಕಾರದಲ್ಲಿ ತಿಳಿಬಣ್ಣ. ನೋಡಿದರೆ ನಗು ಬರುವಂತಿತ್ತು. ಬಂದೇಬಿಟ್ಟಿತು. ಅವನಿಗೆ ಅದು ಗೊತ್ತಾಯಿತು, ಗೊತ್ತಾಗಿದ್ದು ಅವಳಿಗೂ ಗೊತ್ತಾಯಿತು. ಅವಳು ಸೆರಗಿನಿಂದ ಹಣೆ ಒರೆಸಿಕೊಳ್ಳುವ ನೆವದಲ್ಲಿ ಮುಖ ಮರೆಮಾಡಿದಳು.

ಹೊರಗೆ ಟೆಂಪೋದ ಮೇಲೆ ಉದ್ದನೆಯ ಹಳದಿ ದೋಣಿಯೊಂದನ್ನು ಹಗ್ಗದಿಂದ ಬಿಗಿದಿತ್ತು. ರೊಟ್ಟಿ ಕೆಲಸದಲ್ಲಿ ದೇವಕಮ್ಮನ ಜೊತೆಗಾರ್ತಿಯಾದ ಚಾಂದಬೀ ಅದನ್ನು ತುದಿಯಿಂದ ತುದಿಗೆ ನೋಡಿ, "ಇದರಾಗ ಮನಷಾ ಕೂಡ್ತಾನೋ, ಮಲಗ್ತಾನೋ?" ಎಂದಳು.

"ಕೂಡ್ತಾನ್ರಿ ಖಾಲಾ. ಇದಕ್ಕ ಕಯಾಕ್ ಅಂತಾರ."

ಅವನ ಹೆಸರು ದುರಗಪ್ಪ. ವನದುರ್ಗದವನು. ಕಾರವಾರದ ಕಡೆ ಪ್ರವಾಸಿಗರಿಗೆ ಕಯಾಕ್ ಕಲಿಸುವ ಕೆಲಸ. ಮಳೆಗಾಲದಲ್ಲಿ ಸಮುದ್ರ ಮುಚ್ಚಿದರೆ ಊರಿಗೆ ಬರುತ್ತಿದ್ದ. ಮಳೆ ಮುಗಿದ ಮೇಲೆ ಕಾರವಾರದಿಂದ ಕಲ್ಲಿಕೋಟೆಯವರೆಗೆ ಕಯಾಕಿನಲ್ಲೇ ಹೋಗಬೇಕೆಂಬುದು ಅವನ ಹಟ. ಹಗಲೆಲ್ಲ ಸಮುದ್ರ, ಸಂಜೆಗೆ ಯಾವುದಾದರೊಂದು ದಂಡೆ. ಒಲೆ ಒಯ್ಯುವಂತಿಲ್ಲ. ಹಾಗಾಗಿ ಬೇಯಿಸದೆ ತಿನ್ನುವಂಥ, ಕೆಡದಂಥ ಊಟ ಬೇಕು.

"ಸಮುದ್ರದ ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಗ್ತಾವ. ಆಮ್ಯಾಲೆ ಬೂಸರು ಹಿಡಿತಾವ," ಎಂದಳು ದೇವಕಮ್ಮ.

"ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ. ಶಹಾಪುರದಾಗ ಎಲ್ಲಾರೂ ನಿಮ್ಮ ಹೆಸರೇ ಹೇಳಿದ್ರು."

ಭೀಮರಾಯನಗುಡಿ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಅವಳು. ಕಾಲುವೆ ಕಟ್ಟಲು ಬಂದವರಿಗೆಂದೇ ಎದ್ದ ಊರು ಅದು. ಅಪ್ಪ ಅಂಬ್ರಪ್ಪ ಕಾಲುವೆಯ ಗೇಟು ಏರಿಸಿ ಇಳಿಸುವ ನೌಕರ. ಮಗಳು ನಡೆಯುವುದು ಕಲಿತಾಗಿನಿಂದ ಅವನಿಗೆ ಒಂದೇ ಭಯ, ಕಾಲುವೆಯದು. ಅದಕ್ಕೇ ಎಲ್ಲರಿಗಿಂತ ಮೊದಲು ಅವಳಿಗೆ ಈಜು ಕಲಿಸಿದ್ದ. ಬಿ.ಎಸ್ಸಿ. ಮುಗಿದು ಕೆಲಸ ಸಿಗದಿದ್ದಾಗ ಅವಳು ಚಾಂದಬೀಯನ್ನು ಕಟ್ಟಿಕೊಂಡು ಹಾಸ್ಟೆಲುಗಳಿಗೆ ರೊಟ್ಟಿ ಕೊಡುವ ಕೆಲಸ ಶುರುಮಾಡಿದ್ದಳು.

ಮೊದಲ ತೊಡಕು ರೊಟ್ಟಿಯ ಅಗಲದ್ದು. ಕಯಾಕಿನ ಹೊಟ್ಟೆಗೆ ಸಾಮಾನು ಇಳಿಸುವ ಬಾಯಿ ತಟ್ಟೆಯಷ್ಟೇ ಇತ್ತು. ದೇವಕಮ್ಮನ ರೊಟ್ಟಿ ಮೊರದಷ್ಟು. ದುರಗಪ್ಪ ರೊಟ್ಟಿಯನ್ನು ಓರೆ ಮಾಡಿದ, ಸೊಟ್ಟ ಮಾಡಿದ. ಕಡೆಗೆ ಅದು ಮುರಿಯಿತು.

"ಹೋತು. ಸಮುದ್ರಕ್ಕ ಇಳಿಯೋಕಿಂತ ಮೊದಲೇ ಮುಳುಗ್ತು," ಎಂದಳು ಅವಳು.

ಮರುದಿನ ಅಂಗೈ ಅಗಲದ ರೊಟ್ಟಿ ಬಡಿದಳು. ಪ್ಯಾಕೆಟ್ಟಿನಲ್ಲಿ ಗಾಳಿಯಾಡದಂತೆ ಕಟ್ಟಿ, ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿಟ್ಟಳು. ವಾರ ಬಿಟ್ಟು ದುರಗಪ್ಪ ಬಂದಾಗ ಅವನ ಎದುರಿಗೇ ಬಿಚ್ಚಿ ಮುರಿದಳು. ಟಕ್ ಎಂದಿತು. ಅವನು ರೊಟ್ಟಿ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದ.

"ರೊಟ್ಟಿ ಇಲ್ಲಿ ಅದಾವ್ರಿ," ಎಂದಳು.

"ಗೊತ್ತದ," ಎಂದ ಅವನು. ಆದರೂ ಕಣ್ಣು ತೆಗೆಯಲಿಲ್ಲ.

ಆಮೇಲೆ ಅವನು ದಿನವೂ ಬರತೊಡಗಿದ. ಊಟದ ಮಾತು ನೀರಿನ ಮಾತಾಯಿತು. ನೀರೇ ಎಲ್ಲಕ್ಕಿಂತ ಭಾರ. ಮನುಷ್ಯನಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕು, ನಾಲ್ಕು ದಿನದ್ದು ಹೊತ್ತರೆ ದೋಣಿ ಏಳುವುದಿಲ್ಲ. ಹೊರದಿದ್ದರೆ ಬಾವಿ ಸಿಗದ ದಂಡೆಯಲ್ಲಿ ನಾಲಿಗೆ ಒಣಗಿ ಕೂರಬೇಕು. ಶೇಂಗಾ ಚಟ್ನಿಪುಡಿ, ಅದೇ ಹಿಂಡಿ, ರುಚಿಯೇ, ಆದರೆ ಉಪ್ಪು ಖಾರ ಬಾಯಾರಿಸುತ್ತದೆ. ಅವಲಕ್ಕಿ ಹಗುರವೇ, ಆದರೆ ನೆನೆಯಲು ತಾನೇ ನೀರು ಕುಡಿಯುತ್ತದೆ. ದೇವಕಮ್ಮ ಹಿಂಡಿಗೆ ಉಪ್ಪು ಕಡಿಮೆ ಮಾಡಿದಳು, ಗೋಧಿಯ ಸಿಹಿಪುಡಿ ಮಾದಲಿಗೆ ಬೆಲ್ಲ ಹೆಚ್ಚಿಸಿದಳು, ಶೇಂಗಾ ಹೋಳಿಗೆಯನ್ನು ತೆಳ್ಳಗೆ ತಟ್ಟಿ ಒಣಗಿಸಿದಳು. ಖಾರ ಮಾತ್ರ ಬಿಡಲಿಲ್ಲ. ಇಬ್ಬರೂ ಖಾರ ಬಿಟ್ಟು ಉಣ್ಣುವವರಲ್ಲ.

"ನೀರಿನ ಚೀಲ ಎಲ್ಲಿ ಇಡ್ತೀರಿ?" ಎಂದು ಒಮ್ಮೆ ಕೇಳಿದಳು.

"ಹಿಂದ."

"ಹಿಂದ ಭಾರ ಆದ್ರ ಮೂತಿ ಏಳಂಗಿಲ್ಲೇನು? ಕುಂತಲ್ಲೇ, ಬೆನ್ನಿಗಿ ಹತ್ತಿ ಇಡಬೇಕು. ಕುಡದಂಗ ಕುಡದಂಗ ಎರಡೂ ಕಡಿ ಸಮ ಇಳಿಬೇಕು."

ಅವನು ಅವಳ ಕಡೆ ತಿರುಗಿ, "ನೀ ಕುಂತು ನೋಡ್ತಿ ಏನು?" ಎಂದ. ಮಾತಿನಲ್ಲಿ ‘ರಿ’ ಬಿಟ್ಟಿದ್ದು ಆವತ್ತೇ ಮೊದಲು.

ನಾರಾಯಣಪುರ ಡ್ಯಾಮಿನ ಹಿನ್ನೀರಿಗೆ ಅಪ್ಪನನ್ನೂ ಕರೆದುಕೊಂಡು ಹೋದರು. ತನಗೆ ದೋಣಿ ಕೊಟ್ಟಿದ್ದ ಕಂಪನಿಯಿಂದ ದುರಗಪ್ಪ ಇನ್ನೊಂದು ಕಯಾಕನ್ನೂ ತರಿಸಿದ್ದ. ಮೊದಲ ದಿನ ಅವಳು ದೋಣಿ ಸಮೇತ ಬೋರಲು ಬಿದ್ದಳು. ಎರಡನೆಯ ದಿನ ಬೇಕೆಂದೇ ಬಿದ್ದು, ಉಸಿರು ಹಿಡಿದು ಹೊರಬರುವುದು ಕಲಿತಳು. ಶ್ರಾವಣ ಮುಗಿಯುವ ಹೊತ್ತಿಗೆ ತುಂಬಿದ ನೀರಿನ ಚೀಲ ಹೇರಿಕೊಂಡು, ಎದುರುಗಾಳಿಯಲ್ಲಿ ಅವನ ಪಕ್ಕಕ್ಕೆ ಪಕ್ಕ ಹುಟ್ಟು ಹಾಕುತ್ತಿದ್ದಳು. ಅವಳು ಮುಂದೆ ಹೋದಾಗ ಅವನು ಹುಟ್ಟಿನ ತುದಿಯಿಂದ ನೀರು ಚಿಮ್ಮಿಸುತ್ತಿದ್ದ. ತಿರುಗಿ ನೋಡಿದರೆ ಏನೂ ಅರಿಯದವನಂತೆ ದಡದ ಕಡೆ ನೋಡುತ್ತಿದ್ದ.

ಅಲ್ಲಿಯೇ, ದೋಣಿಗಳು ಒಂದಕ್ಕೊಂದು ತಾಗಿ ನಿಂತಾಗ ಅವನು ಹೇಳಿದ್ದು. "ಒಬ್ನೇ ಹೋಗಬೇಕಂದಿದ್ದೆ, ದೇವಕಿ. ಈಗ ಮನಸಿಲ್ಲ. ಎರಡನೇ ದೋಣಿ ನಿಂದು. ಬರ್ತಿ?"

ದೇವಕಿ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. "ಬರ್ತೀನಿ," ಎಂದಳು, ಮತ್ತೆ ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದಳು. ದಡದಲ್ಲಿ ಕೂತಿದ್ದ ಅಂಬ್ರಪ್ಪನಿಗೂ ಕೇಳಿತು.

ಅಂಬ್ರಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ದುರಗಪ್ಪ ತಾನಾಗಿಯೇ ಮನೆಗೆ ಬಂದು, ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಚಾಪೆಯ ಮೇಲೆ ಕೂತು, "ತಿರುಗಿ ಬಂದ ಮ್ಯಾಲೆ ನಮ್ಮವ್ವನ್ನ ಕರಕೊಂಡು ಬರ್ತೀನ್ರಿ. ಮಾತಾಡೋ ರೀತಿಲೆ ಮಾತಾಡಾಕ," ಎಂದ. ಅಂಬ್ರಪ್ಪ ಮಗಳ ಮುಖ ನೋಡಿದ. ಮಗಳಿಗೆ ರಾಮಸಮುದ್ರ ಊರಿನಿಂದ ಬಂದಿದ್ದ ಮದುವೆ ಸಂಬಂಧಕ್ಕೆ ಮರುದಿನವೇ ಫೋನ್ ಮಾಡಿ ಬೇಡವೆಂದ.

ಕ್ಯಾಂಪಿನಲ್ಲಿ ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀರಿಗೆ ಬಂದವರು, ಹಿಟ್ಟಿಗೆ ಬಂದವರು ಎಲ್ಲರೂ ಕೇಳುವವರೇ. "ಯಾವಾಗ ಹೊಂಟೀರೆ ದೇವಕಮ್ಮ? ಮೀನ ನುಂಗೀತು, ಹುಷಾರು." ಅವಳು ನಕ್ಕು ಎಲ್ಲರಿಗೂ ಉತ್ತರ ಕೊಟ್ಟಳು. ಸಮುದ್ರವನ್ನು ಅವಳು ನೋಡಿಯೇ ಇರಲಿಲ್ಲ. ಕೆಲಸದ ನಡುವೆ ಸುಮ್ಮನೆ ನಿಂತು, ಅಷ್ಟು ನೀರಿದ್ದೂ ಒಂದು ಗುಟುಕು ಕುಡಿಯಲು ಬಾರದ ಜಾಗ ಹೇಗಿರುತ್ತದೆಂದು ಯೋಚಿಸುತ್ತಿದ್ದಳು.

ಹೊರಡಲು ಹತ್ತು ಹನ್ನೆರಡು ದಿನ ಇರುವಾಗ ಕೊನೆಯ ಸುತ್ತಿನ ಅಡುಗೆ ಶುರುವಾಯಿತು. ಆ ಮಧ್ಯಾಹ್ನ ದುರಗಪ್ಪ ಬಂದು, ಒಲೆಯಿಂದ ದೂರ, ಹೊಸ್ತಿಲ ಹೊರಗೇ ಕೂತ.

"ದೇವಕಿ, ಹಿಂಡಿ ಅರ್ಧ ಖಾರಿಲ್ದಂಗ ಮಾಡ್ತಿ ಏನು?"

ಅವಳು ಹುರಿದ ಶೇಂಗಾದ ಸಿಪ್ಪೆ ಊದುತ್ತಿದ್ದಳು. "ಯಾಕ? ಹೊಟ್ಟಿ ಕೆಟ್ಟದೇನು?"

"ಹಂಗಲ್ಲ. ಅರ್ಧ ಸಾಕು. ಮತ್ತ... ಮಾದಲಿ ಜೋಡಿ ಹಾಲಿನ ಪುಡಿ ಇರ್ಲಿ."

"ಹಾಲಿನ ಪುಡಿ ನಂಗ ಸೇರಂಗಿಲ್ಲ ಅಂತ ಗೊತ್ತಿಲ್ಲೇನು ನಿಂಗ?" ನಗುತ್ತಲೇ ಅಂದಳು. "ನನ್ನ ಪಾಲಿಂದು ಖಾರನೇ ಇರ್ಲಿ. ನಿಂದು ಬೇಕಾದ್ರ ಸಪ್ಪಗ ಮಾಡ್ತೀನಿ."

ದುರಗಪ್ಪ ಹೊಸ್ತಿಲಿಗೆ ಹಾರಿ ಬಿದ್ದ ಸಿಪ್ಪೆ ಆಯತೊಡಗಿದ.

"ನಿಂದೇನು ಸಪ್ಪಗ ಆಗಬೇಕಾದದ್ದು?"

"ನಂದಲ್ಲ."

ಅವಳ ಕೈ ಮೊರದ ಮೇಲೆ ನಿಂತಿತು. ಅವನದಲ್ಲ, ತನ್ನದೂ ಅಲ್ಲ. ಇಬ್ಬರ ಊಟದಲ್ಲಿ ಮೂರನೆಯವರು ಯಾರು? ಆ ಲೆಕ್ಕ ಬಿಡಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅವನ ಕಣ್ಣು ಹುಡುಕಿದಳು. ಅವು ಅಂಗಳದ ಬೇವಿನ ಮರದ ಮೇಲಿದ್ದವು, ಚಾಂದಬೀಯ ಕೋಳಿಯ ಮೇಲಿದ್ದವು, ತನ್ನದೇ ಚಪ್ಪಲಿಯ ಮೇಲಿದ್ದವು. ಎಲ್ಲಿಯೂ ನಿಲ್ಲಲಿಲ್ಲ.

"ಎರಡನೇ ದೋಣ್ಯಾಗ ಯಾರು ಕೂಡ್ತಾರ?"

"ದೋಣಿ ಕೊಟ್ಟ ಕಂಪನಿಯವರದು ಒಬ್ಬಾಂವ ಇದ್ದಾನ. ಬೆಂಗಳೂರಾಂವ. ವಿಡಿಯೋ ಮಾಡ್ತಾನ, ಭಾಳ ಮಂದಿ ನೋಡ್ತಾರ. ಅಂವ ಬಂದ್ರನ ದೋಣಿ ಅಂದ್ರು. ನನ್ನ ಕೈಯಾಗ ಏನಿಲ್ಲ, ದೇವಕಿ."

"ಯಾವಾಗ ಅಂದ್ರು?"

ಅವನು ಚಪ್ಪಲಿಯ ಪಟ್ಟಿ ಎಳೆದ.

"ನಿನ್ನೆ ಅಂದ್ರೇನು?"

"ಶ್ರಾವಣದ ಕಡೀಕ. ನೀ ಬರ್ತೀನಿ ಅಂದ ಮರದಿನ."

ಅವನು ಚಾಪೆಯ ಮೇಲೆ ಕೂತು ಅಪ್ಪನಿಗೆ ಮಾತು ಕೊಟ್ಟಿದ್ದು ಆಮೇಲೆ. ಅದಾದ ಮೇಲೂ ಪ್ರತಿದಿನ ಬಂದಿದ್ದ, ಅವಳ ಪಾಲಿನ ನೀರು ಎಷ್ಟು, ಅವಳ ಚೀಲ ಎಲ್ಲಿ ಇಡಬೇಕು ಎಂದು ಅವಳ ಜೊತೆಯೇ ಕೂತು ಮಾತಾಡಿದ್ದ.

"ಗೊತ್ತಿದ್ದೂ ನನ್ನ ನೀರು ಅಳದಿ," ಎಂದಳು. ಅವಳ ದನಿ ಏರಲಿಲ್ಲ.

"ಹೇಳಿದ್ರ ನೀ ನಿಲ್ಲಿಸ್ತಿದ್ದಿ. ಊಟದ್ದಲ್ಲ ನಾ ಹೇಳೋದು... ನೀ ಮಾತಾಡೋದು ನಿಲ್ಲಿಸ್ತಿದ್ದಿ. ಇವತ್ತು ಹೇಳೋಣು, ನಾಳೆ ಹೇಳೋಣು ಅಂತ..."

"ಅವತ್ತೇ ಹೇಳಿದ್ರ ಅವತ್ತೇ ಅಳ್ತಿದ್ದೆ. ಮರದಿನ ಎದ್ದು ರೊಟ್ಟಿ ಬಡೀತಿದ್ದೆ. ನನ್ನ ಅಷ್ಟೂ ನಂಬಲಿಲ್ಲಲ್ಲ ನೀ." ಅವಳು ಮೊರ ಎತ್ತಿಕೊಂಡಳು. "ಆ ಬೆಂಗಳೂರಾಂವ ಎಷ್ಟು ದಪ್ಪ ಅದಾನ?"

"ಏನು?"

"ಬೆವರು ಜಾಸ್ತಿ ಬರೋ ಮನಷಾ ಏನು? ಅಂವಗ ನನ್ನಷ್ಟೇ ನೀರು ಇಟ್ರ ಸಾಲಂಗಿಲ್ಲ. ಹೇಳು."

ಅವನು ಹೇಳಿದ. ಹೇಳುವಾಗ ಅವನ ದನಿ ಒಡೆಯಿತು. ಅವಳು ಕೇಳಿಸಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಚಾಂದಬೀ ಸಿಟ್ಟಿನಿಂದ ಕುದಿದಳು. "ಎಲ್ಲಾ ಒಯ್ದು ಕಾಲುವಿಗಿ ಸುರುವು, ಬೇಟಿ. ಮೀನರೆ ಉಂಡು ದುವಾ ಮಾಡ್ತಾವ."

"ಸಮುದ್ರದ ನಡಕ ಪ್ಯಾಕೆಟ್ ಒಡದು ಕೆಟ್ಟಿದ್ದು ಕಂಡ್ರ ಅವ್ರು ನನ್ನ ಹೆಸರೇ ತಗೋತಾರ, ಖಾಲಾ. ಅಂವ ಮಾಡಿದ್ದು ಅಂವನ ಕಡಿ ಇರ್ಲಿ."

ಮಾಡಿದಳು. ಅರ್ಧ ಖಾರದ್ದು, ಅರ್ಧ ಸಪ್ಪಗಿನದು. ಸಪ್ಪಗಿನ ಹಿಂಡಿ ಕುಟ್ಟುವಾಗ ಗಂಟಲಿಗೆ ಖಾರ ಏರದೆಯೂ ಕಣ್ಣು ತುಂಬಿದವು. ಚಾಂದಬೀ ನೋಡಿಯೂ ನೋಡದಂತೆ ಒಲೆ ಊದಿದಳು. ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. ಅಂಬ್ರಪ್ಪ ಊಟದ ತಟ್ಟೆ ಬದಿಗಿಟ್ಟು, "ನನ್ನ ಮುಂದ ಕುಂತು ಅಂದಿದ್ನಲ್ಲವಾ," ಎಂದಷ್ಟೇ ಅಂದ. ಮಗಳಿಗೆ ತನ್ನ ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಕ್ಯಾಂಪಿನ ಹೆಂಗಸರು ಇನ್ನೂ ಕೇಳುತ್ತಿದ್ದರು, ಯಾವಾಗ ಹೊಂಟೀರೆ ಎಂದು. ಅವಳು ಹಿಟ್ಟಿನ ಗಿರಣಿಗೆ ಹೋಗುವ ದಾರಿಯನ್ನೇ ಬದಲಿಸಿದಳು.

ಊಟದ ಮೊದಲ ಅರ್ಧವನ್ನು ಟೆಂಪೋದಲ್ಲಿ ಕಳಿಸಿದಳು. ಎರಡನೆಯ ಅರ್ಧವನ್ನು ನಡುದಾರಿಯಲ್ಲಿ ಕುಂದಾಪುರದ ಹತ್ತಿರ ತಲುಪಿಸಬೇಕೆಂದು ಮೊದಲೇ ಮಾತಾಗಿತ್ತು. ಅದನ್ನು ಪಾರ್ಸಲ್ ಹಾಕುವುದೆಂದು ಡಬ್ಬ ಕಟ್ಟಿ ಮೂಲೆಯಲ್ಲಿಟ್ಟಳು.

ದುರಗಪ್ಪ ಹೊರಟು ಹತ್ತಿರ ಹತ್ತಿರ ಎರಡು ವಾರವಾಗಿತ್ತು. ನಡುಮಧ್ಯಾಹ್ನ ಫೋನ್ ಬಂತು. ಗಾಳಿಯ ಸದ್ದಿನ ನಡುವೆ ಅವನ ದನಿ.

"ದೇವಕಿ, ಅಂವ ಹೋದ. ಭುಜ ಹಿಡ್ಕೊಂಡದ, ಎತ್ತಾಕ ಬರವಲ್ದು. ಬೆಂಗಳೂರಿಗಿ ಹೋದ. ದೋಣಿ ಖಾಲಿ ಅದ." ಉಸಿರು ಎಳೆದುಕೊಂಡ. "ಕಂಪನಿಯವರಿಗಿ ಹೇಳೀನಿ, ಹೂಂ ಅಂದಾರ. ನೀ ಬಾ."

ಅವಳು ಫೋನ್ ಇಟ್ಟು ಬಹಳ ಹೊತ್ತು ಮೂಲೆಯ ಡಬ್ಬವನ್ನೇ ನೋಡಿದಳು. ಸಂಜೆ ಅಪ್ಪ ಬಂದಾಗ ಅದು ಬಾಗಿಲಿಗೆ ಬಂದಿತ್ತು, ಪಕ್ಕದಲ್ಲಿ ಅವಳ ಬ್ಯಾಗು.

"ಅಂವನ ಸಲುವಾಗಿ ಹೊಂಟಿ ಏನು?" ಎಂದ ಅಂಬ್ರಪ್ಪ.

"ಸಮುದ್ರದ ಸಲುವಾಗಿ, ಅಪ್ಪ. ಒಮ್ಮಿ ನೋಡಿ ಬರ್ತೀನಿ."

ಅವನು ಬಸ್ ಸ್ಟ್ಯಾಂಡಿನವರೆಗೆ ಡಬ್ಬ ಹೊತ್ತುಕೊಂಡು ಬಂದ.

ಮರುದಿನ ಬೆಳಿಗ್ಗೆ ಕುಂದಾಪುರದ ಹತ್ತಿರ ಮೀನುಗಾರರ ಊರೊಂದರ ಮರಳಿನಲ್ಲಿ ಅವಳು ನಿಂತಾಗ, ದುರಗಪ್ಪನನ್ನು ನೋಡುವ ಮೊದಲು ಸಮುದ್ರ ನೋಡಿದಳು. ಅದಕ್ಕೆ ಆಚೆಯ ದಡವೇ ಇರಲಿಲ್ಲ. ಹುಟ್ಟಿದಾಗಿನಿಂದ ಅವಳು ಕಂಡ ನೀರಿಗೆಲ್ಲ ಎರಡು ದಡ, ಒಂದು ಗೇಟು ಇದ್ದವು, ಗೇಟಿನ ಹತ್ತಿರ ಅಪ್ಪ ಇದ್ದ.

ದುರಗಪ್ಪ ಓಡಿ ಬಂದ. ಕೆನ್ನೆ ಒಳಗೆ ಹೋಗಿದ್ದವು, ತುಟಿ ಬಿರಿದಿತ್ತು. ಅವಳ ಕೈ ತನಗರಿಯದಂತೆ ನೀರಿನ ಬಾಟಲಿಯನ್ನು ಅವನ ಮುಂದೆ ಹಿಡಿದಿತ್ತು. ಅವನು ಕುಡಿದ. ಕುಡಿಯುತ್ತಲೇ ಅವಳನ್ನು ನೋಡಿದ. ಆ ನೋಟ ಅವಳಿಗೆ ಗೊತ್ತಿದ್ದದ್ದೇ. ಅದು ಬದಲಾಗಿದ್ದರೆ ಸುಲಭವಿತ್ತು.

"ತಪ್ಪಾಗ್ಯಾದ, ದೇವಕಿ. ಹುಟ್ಟು ಹಾಕುವಾಗೆಲ್ಲ ಅದೇ ವಿಚಾರ. ನೀ ಅಂದ್ರ ನಂಗ ಭಾಳ ಪ್ರೀತಿ. ಮೊದಲೇ ಬಾಯಿ ಬಿಟ್ಟು ಹೇಳಬೇಕಿತ್ತು, ಎರಡೂ ಹೇಳಬೇಕಿತ್ತು."

"ಒಂದು ಕೇಳ್ತೀನಿ. ಸುಳ್ಳು ಹೇಳಬ್ಯಾಡ." ಅವಳು ಬಾಟಲಿ ವಾಪಸು ತೆಗೆದುಕೊಂಡಳು. "ಅಂವನ ಭುಜ ಹಿಡಿಲಿಲ್ಲಂದ್ರ ನಂಗ ಫೋನ್ ಮಾಡ್ತಿದ್ದಿ ಏನು?"

ಅಲೆ ಬಂದು ಅವರ ಕಾಲಿನವರೆಗೂ ಹರಡಿ ಹಿಂದೆ ಹೋಯಿತು. ಇನ್ನೊಂದು ಬಂತು.

"ಇಲ್ಲ," ಎಂದ ಅವನು. "ಮುಗಿಸಿ ಬಂದು ಕಾಲಿಗಿ ಬೀಳೋಣು ಅಂದಿದ್ದೆ."

ಅವಳು ತಲೆಯಾಡಿಸಿದಳು. ಕೊನೆಗೂ ಒಂದು ನಿಜ ಹೇಳಿದ್ದಕ್ಕೆ ಅವನ ಮೇಲೆ ಅವಳಿಗೆ ಮಮತೆಯೇ ಉಕ್ಕಿತು. ಅದೇ ಕ್ಷಣದಲ್ಲಿ ಒಳಗೆ ಏನೋ ಮುಗಿದದ್ದೂ ತಿಳಿಯಿತು.

"ಇವತ್ತೊಂದಿನ ಬರ್ತೀನಿ. ಇಲ್ಲಿಂದ ಮುಂದಿನ ದಂಡಿ ತನಕ. ಸಂಜಿಗಿ ನಾ ಬಸ್ ಹತ್ತತೀನಿ."

"ದೇವಕಿ..."

"ದೇವಕಮ್ಮ ಅನ್ನು," ಎಂದಳು ಮೆತ್ತಗೆ. "ನೀರಿನ ಚೀಲ ತಾ. ನಂದು ನಾನೇ ತುಂಬ್ಕೋತೀನಿ."

ಆ ದಿನವನ್ನು ಅವಳು ಯಾರಿಗೂ ಪೂರ್ತಿ ಹೇಳಲಿಲ್ಲ. ಮೊದಲ ಮೂರು ಅಲೆ ಎದೆಗೆ ಹೊಡೆದವು. ನಾಲ್ಕನೆಯದನ್ನು ಹತ್ತಿದಾಗ ದೋಣಿ ಗಾಳಿಯಲ್ಲಿ ಒಂದು ಚಣ ನಿಂತು ದಪ್ಪನೆ ಕೆಳಗೆ ಬಿತ್ತು, ಅವಳು ಚೀರಿ, ಚೀರಿದ್ದಕ್ಕೆ ತಾನೇ ನಕ್ಕಳು. ಅಲೆ ಒಡೆಯುವ ಜಾಗ ದಾಟಿದ ಮೇಲೆ ನೀರು ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ದಂಡೆಯ ತೆಂಗುಗಳು ಹಸಿರು ಗೆರೆಯಾದವು. ದುರಗಪ್ಪ ಪಕ್ಕದಲ್ಲೇ ಹುಟ್ಟು ಹಾಕುತ್ತಿದ್ದ. ಮಧ್ಯಾಹ್ನ ದೋಣಿಗಳನ್ನು ಜೋಡಿಸಿ, ಒಬ್ಬರ ಹುಟ್ಟು ಒಬ್ಬರು ಹಿಡಿದುಕೊಂಡು ಉಂಡರು. ರೊಟ್ಟಿ ಮುರಿದರೆ ಟಕ್ ಎಂದಿತು. ಅವನ ಕಣ್ಣಲ್ಲಿ ನೀರಾಡಿತು. ಅವಳು ಸುಮ್ಮನೆ ಹಿಂಡಿಯ ಪ್ಯಾಕೆಟ್ ದಾಟಿಸಿದಳು, ಖಾರದ್ದು.

ಹೊತ್ತು ಇಳಿಯುವ ಮುಂಚೆ ಮುಂದಿನ ದಂಡೆ ಮುಟ್ಟಿದರು. ಅವಳ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು. ಅವನು ಕೈ ಹಿಡಿದು ನೋಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಅವನು ನೋಡಿ ಮುಗಿಸುವವರೆಗೂ ಬಿಟ್ಟಳು.

"ನಾ ಮುಗಿಸಿ ಬರ್ತೀನಿ. ಬಂದ್ರ ಮನಿಗಿ ಬರ್ಲಿ ಏನು?"

"ಅಪ್ಪನ ಹಂತ್ಯಾಕ ಬಾ. ಅಂವಗೂ ಮಾತು ಕೊಟ್ಟಿದ್ದಿ, ಅಂವನ ಮುಂದ ತಪ್ಪಂತ ಹೇಳು. ನನ್ನ ಸಲುವಾಗಿ ಬರಬ್ಯಾಡ." ಅವಳು ಚಪ್ಪಲಿ ಕೈಯಲ್ಲಿ ಹಿಡಿದಳು. "ನಾನೂ ನಿನ್ನ ಪ್ರೀತಿ ಮಾಡೀನಿ, ದುರಗಪ್ಪ. ಇನ್ನಾ ಅದ. ಆದ್ರ ನಿನ್ನ ಮಾತು ಕೇಳಿದಾಗೆಲ್ಲ ಇದರ ಹಿಂದ ಏನದ ಅಂತ ಹುಡುಕ್ಕೋತ ಬಾಳ್ವಿ ಮಾಡಾಕ ನನ್ನ ಕೈಲಿ ಆಗಂಗಿಲ್ಲ."

ಅವನು ಹೋಗಬೇಡ ಎನ್ನಲಿಲ್ಲ. ಎನ್ನುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಮೀನುಗಾರರ ದೋಣಿಗಳ ನಡುವೆ ದಾರಿ ಮಾಡಿಕೊಂಡು ಅವಳು ರಸ್ತೆಗೆ ಹತ್ತಿದಳು. ತಿರುಗಿ ನೋಡಿದಾಗ ಅವನು ಎರಡು ದೋಣಿಗಳ ನಡುವೆ ನಿಂತಿದ್ದ. ಅವಳು ಕೈ ಎತ್ತಿದಳು. ಅವನೂ ಎತ್ತಿದ.

ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಹೆಂಗಸೊಬ್ಬಳ ಪಕ್ಕ ಮಾತ್ರ ಜಾಗವಿತ್ತು. ಬಸ್ಸು ಹೊರಟಿತು, ತೆಂಗುಗಳ ಸಂದಿನಲ್ಲಿ ಸಮುದ್ರ ಕಂಡು ಕಂಡು ಮರೆಯಾಯಿತು. ಇಷ್ಟು ದಿನ ಹನಿ ಹನಿಯಾಗಿ ತಡೆದದ್ದೆಲ್ಲ ಆಗ ಕಟ್ಟೆಯೊಡೆದು ಬಂತು. ದೇವಕಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ಭುಜ ಕುಣಿಯುವುದು ನಿಲ್ಲಲಿಲ್ಲ.

"ಎಂತಾಯ್ತ್ ಮಗಾ?" ಹೆಂಗಸು ಬಗ್ಗಿ ಕೇಳಿದಳು.

"ಏನಿಲ್ರಿ ಅವ್ವ. ಸಮುದ್ರದ ನೀರು ಕಣ್ಣಾಗ ಹೋಗ್ಯಾದ."

ಹೆಂಗಸು ಅವಳ ಗುಳ್ಳೆಯೆದ್ದ ಅಂಗೈ ನೋಡಿದಳು, ಉಪ್ಪು ಒಣಗಿ ಬೆಳ್ಳಗಾದ ಕೂದಲು ನೋಡಿದಳು. ಬುಟ್ಟಿಯನ್ನು ಕಾಲಿನಿಂದ ಅತ್ತ ತಳ್ಳಿ, ಅವಳ ತಲೆಯನ್ನು ಮೆಲ್ಲಗೆ ತನ್ನ ಭುಜಕ್ಕೆ ಎಳೆದುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೂತಳು.